ಅರ್ಧಚಂದ್ರದ ಕಿವಿ

"ಮುಟ್ಟಬೇಡ್ರೀ!"

ಉಚ್ಚಂಗೆಪ್ಪಜ್ಜ ಕೂಗುವಷ್ಟರಲ್ಲಿ ನಾನು ಕಲ್ಲು ಎತ್ತಿಯಾಗಿತ್ತು. ಅದರಡಿ ನೆಲದ ಮಟ್ಟಕ್ಕೆ ಹೂತಿಟ್ಟ ಒಂದು ಪ್ಲಾಸ್ಟಿಕ್ ಲೋಟ. ಲೋಟದ ತಳದಲ್ಲಿ ನನ್ನ ಹೆಬ್ಬೆರಳಿನಷ್ಟು ಉದ್ದದ ಕಪ್ಪು ಜೀರುಂಡೆ, ಬೆನ್ನ ಮೇಲೆ ಆರು ಬಿಳಿ ಚುಕ್ಕೆ. ಅದು ಓಡಲಿಲ್ಲ, ಹೆದರಲೂ ಇಲ್ಲ. ನಿಧಾನಕ್ಕೆ ತಿರುಗಿ ನನಗೆ ತನ್ನ ಹಿಂಭಾಗ ತೋರಿಸಿತು.

"ಹಿಂದಕ್ಕೆ ಸರೀರಿ ಅಮ್ಮಾರೇ! ಅದು ನೀರು ಹಾರಿಸ್ತೈತೆ. ಕಣ್ಣಿಗೆ ಬಿದ್ರೆ ಆಸ್ಪತ್ರೆಗೇ ಹೋಗ್ಬೇಕು."

ಸರಿಯುವ ಮೊದಲೇ ಹಾರಿಸಿತು. ಎರಡು ಹನಿ ನನ್ನ ಖಾಕಿ ತೋಳಿನ ಮೇಲೆ ಬಿದ್ದವು. ಮೂಗಿಗೆ ಹತ್ತುವಂಥ ಹುಳಿ ವಾಸನೆ.

"ಥೂ ನಿನ್ನ! ಪೊಲೀಸರ ಮೇಲೇ ಕೈ ಮಾಡ್ತೀಯಾ?" ಎಂದೆ.

ಅಜ್ಜ ನಕ್ಕ. ಎಪ್ಪತ್ತು ದಾಟಿದ ಕುರುಬ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಬೆನ್ನ ಹಿಂದೆ ನೂರಾರು ಕುರಿ. "ಬಟ್ಟೆ ಮೇಲೆ ಬಿತ್ತು, ಬಚಾವಾದ್ರಿ. ಬರಿಗೈಲಿ ಹಿಡಿದ್ರೆ ಬೆರಳು ಸುಟ್ಟು ಕಂದಾಗ್ತಾವೆ. ಎಂಟು ದಿನ ಕಲೆ ಹೋಗಲ್ಲ. ಕೆಂಚೇಶ ಮುಟ್ಟಾಕೇ ಹೋಗಲ್ಲ, ಎರಡು ಕಡ್ಡೀಲಿ ಎತ್ತಿ ಡಬ್ಬೀಗೆ ಬಿಡ್ತಾನೆ."

"ಇದೇನಾ ಆ ಹುಳ?"

"ಇದೇ. ಮೇಷ್ಟ್ರ ಹುಳ."

ಮೇಷ್ಟ್ರಿಗೆ ಹುಳ ಹಿಡಿದುಕೊಡುತ್ತಿದ್ದ ಕುರುಬ ಕೆಂಚೇಶ್ ಈ ಹುಳದಿಂದಲೇ ನಿನ್ನೆ ಸಂಜೆಯಿಂದ ಲಾಕಪ್ಪಿನಲ್ಲಿದ್ದ. ಹುಳದ ಜಾಡು ಹಿಡಿದು ಅವನನ್ನು ಒಳಗೆ ಹಾಕಿಸಿದ ಜಾಣೆ ಬೇರೆ ಯಾರೂ ಅಲ್ಲ, ನಾನೇ. ತೋಪಿನಕೆರೆ ಠಾಣೆಯ ಹೆಡ್ ಕಾನ್‌ಸ್ಟೇಬಲ್ ಉಷಾರಾಣಿ.

ಬುಧವಾರ ಬೆಳಿಗ್ಗೆ ಗುರುಸ್ವಾಮಿ ಮೇಷ್ಟ್ರು ತಮ್ಮ ಬಾಡಿಗೆ ಮನೆಯ ಹಿತ್ತಿಲಲ್ಲಿ ಸತ್ತು ಬಿದ್ದಿದ್ದರು. ಹಿಂದಲೆ ಬಟ್ಟೆ ಒಗೆಯುವ ಕಲ್ಲಿಗೆ ಬಡಿದಿತ್ತು; ತಾವೇ ಜಾರಿದರೋ, ಯಾರಾದರೂ ತಳ್ಳಿದರೋ ಗೊತ್ತಿರಲಿಲ್ಲ. ತೋಪಿನಕೆರೆ ಅಂದರೆ ನ್ಯಾಮತಿಯಿಂದ ಎಂಟು ಕಿಲೋಮೀಟರ್, ಸುತ್ತ ಭತ್ತದ ಗದ್ದೆ, ಕಾಲುವೆ, ಸದಾ ಒದ್ದೆ ನೆಲ. ಮೇಷ್ಟ್ರು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿ ನಿವೃತ್ತರಾದವರು. ಹೆಂಡತಿ ಮಕ್ಕಳಿಲ್ಲ. ಇದ್ದದ್ದು ಒಂದು ಕುರ್ಚಿ, ಒಂದು ಮಂಚ, ಒಂದು ಹುಳದ ಹುಚ್ಚು. ಸತ್ತದ್ದು ಮಂಗಳವಾರ ಸಂಜೆ ಎಂದು ಡಾಕ್ಟರು ಬರೆದುಕೊಟ್ಟರು.

ಮೇಜಿನ ಮೇಲೆ ತೂತು ಕೊರೆದ ಒಂದು ತಗಡಿನ ಡಬ್ಬಿ ಇತ್ತು. ಒಳಗೆ ಈ ಜಾತಿಯದೇ ಒಂದು ಹುಳ, ಜೀವಂತ.

ನಮ್ಮ ಸಬ್ ಇನ್‌ಸ್ಪೆಕ್ಟರ್ ಮಾರುತೇಶ್ ಅದನ್ನು ನೋಡಿ ಮುಖ ಕಿವುಚಿ ಪಕ್ಕಕ್ಕೆ ಸರಿಸಿದರು. ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. ಮೇಷ್ಟ್ರ ನೋಟ್‌ಬುಕ್ ಕೈಗೆತ್ತಿಕೊಂಡು ಓದಿದೆ. ಈ ಹುಳದ ರೆಕ್ಕೆಯ ಚಿಪ್ಪು ಒಂದಕ್ಕೊಂದು ಅಂಟಿಕೊಂಡಿರುತ್ತದಂತೆ, ಹಾರಲು ಬರುವುದಿಲ್ಲವಂತೆ. ಒದ್ದೆ ನೆಲ ಆಗದು. ಕೆಂಪು ಗರಸು ಮಣ್ಣು, ಕುರುಚಲು, ಕಲ್ಲಿನ ಸಂದಿ ಬೇಕು. ಮೇಷ್ಟ್ರು ಹನ್ನೊಂದು ವರ್ಷ ಹುಡುಕಿದರೂ ಹೊನ್ನಾಳಿ, ನ್ಯಾಮತಿ ಕಡೆ ಒಂದೂ ಕಂಡಿರಲಿಲ್ಲ. ಕಂಡದ್ದೆಲ್ಲ ಜಗಳೂರಿನ ಈ ಕುರುಚಲು ಕಾಡಿನಲ್ಲಿ. ಸೋಮವಾರದ ಪುಟದಲ್ಲಿ ಬರೆದಿದ್ದರು: "ಡಬ್ಬಿ ಖಾಲಿ. ಕೆಂಚೇಶ್ ಗುರುವಾರ ತರುತ್ತಾನೆ."

"ಸೋಮವಾರ ಖಾಲಿ ಇದ್ದ ಡಬ್ಬೀಲಿ ಬುಧವಾರ ಹುಳ ಐತೆ ಅಂದ್ರೆ, ಮಂಗಳವಾರ ಜಗಳೂರಿಂದ ಯಾರೋ ಬಂದವ್ರೆ ಸಾರ್. ಹುಳ ಹಾರಿ ಬರಾಕೆ ಆಗಲ್ಲ. ಹೊತ್ತು ತರೋನು ಒಬ್ನೇ, ಕೆಂಚೇಶ" ಎಂದೆ.

"ಸೂಪರ್, ಉಷಾ ಮೇಡಂ!" ಸಾಹೇಬರು ಎಲ್ಲರೆದುರು ಚಪ್ಪಾಳೆ ತಟ್ಟಿದರು. ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ನನಗೆ ಬಿದ್ದ ಮೊದಲ ಚಪ್ಪಾಳೆ ಅದು. ನಾನು ಉಬ್ಬಿಹೋದೆ. ಯಾಕೆ ಸುಳ್ಳು ಹೇಳಲಿ?

ಗುರುವಾರ ಸಂಜೆ ನಾಲ್ಕಕ್ಕೆ ಕೆಂಚೇಶನನ್ನು ಜೀಪಿನಲ್ಲಿ ತಂದರು. ಮೂವತ್ತೈದರ ಆಳು, ಮಾತು ಕಮ್ಮಿ. ಮಂಗಳವಾರ ಸಂಜೆ ಎಲ್ಲಿದ್ದೆ ಎಂದು ಕೇಳಿದರೆ "ಕುರಿ ಹತ್ರ" ಎಂದ.

"ಯಾರು ನೋಡಿದ್ರು?"

"ಕುರಿ ನೋಡ್ಯಾವೆ."

ಠಾಣೆಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಅವನು ಕೀಟಲೆ ಮಾಡಿರಲಿಲ್ಲ, ಇದ್ದದ್ದನ್ನೇ ಹೇಳಿದ್ದ. ಅದೇ ಪ್ರಶ್ನೆ ನನಗೆ ಕೇಳಿದ್ದರೆ? ಮಂಗಳವಾರ ಸಂಜೆ ನಾನು ಕ್ವಾರ್ಟರ್ಸಿನಲ್ಲಿದ್ದೆ, ರೇಡಿಯೋ ಹಾಕಿಕೊಂಡು ಅವಲಕ್ಕಿ ತಿನ್ನುತ್ತಿದ್ದೆ. ಯಾರು ನೋಡಿದರು? ನನಗೆ ಕುರಿಯೂ ಇಲ್ಲ.

ಆ ಉತ್ತರ ರಾತ್ರಿಯೆಲ್ಲ ನನ್ನನ್ನು ಬಿಡಲಿಲ್ಲ. ಅದಕ್ಕೇ ಶುಕ್ರವಾರ ಬೆಳಗಿನ ಮೊದಲ ಬಸ್ಸು ಹತ್ತಿ ಜಗಳೂರಿಗೆ ಬಂದಿದ್ದೆ. ಸಂಜೆ ನಾಲ್ಕರೊಳಗೆ ಕೆಂಚೇಶನನ್ನು ಹೊನ್ನಾಳಿ ಕೋರ್ಟಿನಲ್ಲಿ ನಿಲ್ಲಿಸಬೇಕು. ಅಲ್ಲಿಂದ ಜೈಲು. ಆಮೇಲೆ ನಾನು ಎಷ್ಟು ಬಾಯಿ ಬಡಿದುಕೊಂಡರೂ ಕೇಳುವವರಿಲ್ಲ.

ನಾನು ಚನ್ನಗಿರಿ ಕಡೆಯವಳು, ಬಸವಾಪಟ್ಟಣದಲ್ಲಿ ಹುಟ್ಟಿ ನೀರು ನೆರಳಿನಲ್ಲಿ ಬೆಳೆದವಳು. ಇಂಥ ನೆಲ ನೋಡಿಯೇ ಇರಲಿಲ್ಲ. ಕಣ್ಣು ಹಾಯುವವರೆಗೆ ಕೆಂಪು ಗರಸು, ಜಾಲಿ, ತಂಗಡಿ, ಮೊಣಕಾಲೆತ್ತರದ ಮುಳ್ಳು. ಮನೆ ಇಲ್ಲ, ದಾರಿ ಇಲ್ಲ. ಕುರಿಗಳ ಬಾಯಿ ಆಡುವ ಸದ್ದು ಬಿಟ್ಟರೆ ಬೇರೇನೂ ಕೇಳದು. ಇಲ್ಲಿ ಒಬ್ಬ ಮನುಷ್ಯ ವಾರಗಟ್ಟಲೆ ಯಾರೊಡನೆಯೂ ಮಾತಾಡದೆ ಇರಬಹುದು ಎನ್ನಿಸಿತು.

"ಅಜ್ಜಾ, ಮಂಗಳವಾರ ಕೆಂಚೇಶ ಇಲ್ಲೇ ಇದ್ನಾ?"

"ನಾನು ಆ ಗುಡ್ಡದಾಚೆ ಇದ್ದೆ ಅಮ್ಮಾರೇ. ಅವ್ನು ಹಾಡ್ತಿದ್ದದ್ದು ಕೇಳಿಸ್ತಿತ್ತು. ಕಣ್ಣಾರೆ ನೋಡ್ಲಿಲ್ಲ. ಸುಳ್ಳು ಹೇಳಿ ಅಂದ್ರೆ ಹೇಳ್ತೀನಿ."

"ಸುಳ್ಳು ಬೇಡ."

"ಹಂಗಾದ್ರೆ ನೋಡ್ಲಿಲ್ಲ."

ಆಯ್ತಲ್ಲಪ್ಪ. ನೂರು ಕಿಲೋಮೀಟರ್ ಬಂದದ್ದು ಈ ಉತ್ತರಕ್ಕೆ.

ಸಿಟ್ಟು ಬಂದು ಲೋಟದ ಮೇಲೆ ಕಲ್ಲು ಮುಚ್ಚಲು ಬಗ್ಗಿದೆ. ಮೇಷ್ಟ್ರು ಇಂಥವು ಇಪ್ಪತ್ತು ಹೂತಿದ್ದರು. ಮೇಲೆ ಒಂದು ಚಪ್ಪಡಿ, ಹುಳ ನುಸುಳುವಷ್ಟು ಸಂದಿ. ಓಡಾಡುವ ಹುಳ ಕಾಲು ಜಾರಿ ಒಳಗೆ ಬೀಳುತ್ತದೆ, ಹಾರಲಾರದೆ ಅಲ್ಲೇ ಉಳಿಯುತ್ತದೆ. ವಾರಕ್ಕೊಮ್ಮೆ ಕೆಂಚೇಶ್ ಎಲ್ಲ ಲೋಟ ನೋಡಿ, ಸಿಕ್ಕಿದ್ದನ್ನು ಗುರುವಾರ ತೋಪಿನಕೆರೆಗೆ ಒಯ್ಯುತ್ತಿದ್ದ. ಎಣಿಸಿ, ಅಳತೆ ಬರೆದುಕೊಂಡು, ಮುಂದಿನ ವಾರ ಹುಳವನ್ನು ವಾಪಸ್ ಅದೇ ಜಾಗಕ್ಕೆ ಬಿಡಬೇಕು. ಅದು ಮೇಷ್ಟ್ರ ಕಟ್ಟಪ್ಪಣೆ.

ಚಪ್ಪಡಿಯ ಪಕ್ಕ, ಸಣ್ಣ ಕಲ್ಲಿನಡಿ, ಒಂದು ರಟ್ಟಿನ ಚೂರು ಇತ್ತು. ಉಗುರಿನಷ್ಟಗಲ, ಎಲೆಯಂತೆ ಚೂಪು, ತುದಿಯಲ್ಲಿ ಸೀಳಿತ್ತು.

"ಇಲ್ಲೂ ಇಲಿ ಕಾಟ ಐತಲ್ಲ" ಎಂದೆ.

"ಇಲಿ ಎಲ್ಲೈತೆ?"

"ಈ ಕಾರ್ಡು ಕಡಿದಿರೋದು."

ಅಜ್ಜ ಚೂರನ್ನು ನೋಡಿದ, ನನ್ನ ಮುಖ ನೋಡಿದ, ಆಮೇಲೆ ಬೊಚ್ಚು ಬಾಯಿ ತೆರೆದು ಎದೆ ಕೆಮ್ಮುವವರೆಗೆ ನಕ್ಕ. "ಇಲಿ ಅಲ್ರೀ ನಮ್ಮವ್ವ! ಇದು ಕಿವಿ. ಕುರಿ ಕಿವಿ!"

ಒಂದು ಕುರಿಯನ್ನು ಕೋಲಿನಿಂದ ಎಳೆದು ತಂದ. ಅದರ ಕಿವಿ ಹಿಡಿದು ಬಿಡಿಸಿ ತೋರಿಸಿದ. ಅಂಚಿನಲ್ಲಿ ಎರಡು ಕಚ್ಚು. "ಇದು ನನ್ನ ಗುರುತು, ಎರಡು ಕಚ್ಚು. ನಮ್ಮಪ್ಪಂದೂ ಇದೇ. ನಾಲ್ಕು ಮಂದೆ ಒಂದ್ಕಡೆ ಸೇರಿದ್ರೂ ಯಾರ ಕುರಿ ಯಾವ್ದು ಅಂತ ಕಿವಿ ನೋಡಿ ಬಿಡಿಸ್ಕಂತೀವಿ. ಒಬ್ರ ಗುರುತು ಇನ್ನೊಬ್ರು ಹಾಕಂಗಿಲ್ಲ. ಹಾಕಿದ್ರೆ ಕಳ್ಳ ಅಂತ ಕುಲದಾಗೆ ಕೂಡ್ಸಲ್ಲ."

"ಈ ಕಾರ್ಡಿಗೂ ಅದಕ್ಕೂ ಏನು ಸಂಬಂಧ?"

"ಕೆಂಚೇಶಂಗೆ ಬರೆಯಾಕೆ ಬರಲ್ಲ. ಮೇಷ್ಟ್ರು ಹೇಳಿದ್ರಂತೆ, ಪ್ರತಿ ಡಬ್ಬೀಲೂ ಹುಳ ಹಿಡಿದವನ ಹೆಸರು ಇರ್ಬೇಕು ಅಂತ. ಇವ್ನು ಕಾರ್ಡನ್ನ ಕಿವಿ ಆಕಾರ ಮಾಡಿ ತನ್ನ ಗುರುತು ಕತ್ತರಿಸಿ ಹಾಕಿದ. ತುದಿ ಸೀಳು, ಅದು ಇವನ ಗುರುತು. ಮೇಷ್ಟ್ರು ಖುಷಿಯಾಗಿ ಬೆನ್ನು ತಟ್ಟಿದ್ರಂತೆ. ಡಬ್ಬಿಗೊಂದು, ಲೋಟದ ಹತ್ರ ಒಂದು ಇಡ್ತಾನೆ."

ನಾನು ಹಾಗೇ ನೆಲದ ಮೇಲೆ ಕೂತುಬಿಟ್ಟೆ. ಮುಳ್ಳು ಚುಚ್ಚಿದ್ದೂ ಗೊತ್ತಾಗಲಿಲ್ಲ.

ಮೇಷ್ಟ್ರ ಡಬ್ಬಿಯಲ್ಲೂ ಇಂಥದೊಂದು ಚೂರಿತ್ತು. ಹುಳದ ಅಡಿಯಲ್ಲಿ ಬಿದ್ದಿತ್ತು. ಇಲಿ ಕಡಿದ ಕಸ ಅಂದುಕೊಂಡು ಪಂಚನಾಮೆಯಲ್ಲಿ ಬರೆಸಲಿಲ್ಲ, ಎಸೆಯಲೂ ಮನಸ್ಸು ಬರದೆ ನನ್ನ ಜೇಬಿನ ಡೈರಿಯಲ್ಲಿ ಪುಟದ ಗುರುತಿಗೆ ಇಟ್ಟುಕೊಂಡಿದ್ದೆ. ಅಯ್ಯೋ ನನ್ನ ಕರ್ಮವೇ. ಎರಡು ದಿನದಿಂದ ಅದು ನನ್ನ ಎದೆಯ ಮೇಲೇ ಇತ್ತು.

ಡೈರಿ ತೆಗೆದೆ. ಎರಡೂ ಚೂರುಗಳನ್ನು ಅಂಗೈ ಮೇಲೆ ಅಕ್ಕಪಕ್ಕ ಇಟ್ಟೆ.

ಒಂದರ ತುದಿಯಲ್ಲಿ ಸೀಳು. ಇನ್ನೊಂದರ ಅಂಚಿನಲ್ಲಿ ಬಾಗಿದ ಕಚ್ಚು, ಅರ್ಧಚಂದ್ರದ ಆಕಾರ.

ಮಂಗಳವಾರದ ಹುಳ ಹಿಡಿದವನು ಕೆಂಚೇಶ್ ಅಲ್ಲ.

ಮೊಬೈಲ್ ತೆಗೆದು ಮೇಷ್ಟ್ರ ನೋಟ್‌ಬುಕ್ಕಿನ ಫೋಟೋ ಹುಡುಕಿದೆ. ಹುಳ ಬಂದ ದಿನಗಳ ಪುಟದ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಒಂದು ಸಣ್ಣ ಚಿತ್ರ ಇತ್ತು. ನಮ್ಮ ಕಡೆಯವರ ಕಣ್ಣಿಗೆ ಅದು ವೀಳ್ಯದೆಲೆ ಬಿಟ್ಟು ಬೇರೇನಾಗಿ ಕಂಡೀತು? ನಾನೂ ಸಾಹೇಬರೂ "ಮೇಷ್ಟ್ರಿಗೆ ಎಲೆ ಅಡಿಕೆ ಚಟ ಇತ್ತೇನೋ" ಎಂದು ತಮಾಷೆ ಮಾಡಿ ಪುಟ ತಿರುಗಿಸಿದ್ದೆವು. ಅವು ಎಲೆಗಳಲ್ಲ. ಕಿವಿಗಳು. ಗುರುವಾರಗಳ ಪುಟದಲ್ಲೆಲ್ಲ ತುದಿ ಸೀಳಿದ ಕಿವಿ. ಕಡೆಯ ಎರಡು ತಿಂಗಳಲ್ಲಿ ಮಾತ್ರ, ಅಲ್ಲೊಂದು ಇಲ್ಲೊಂದು, ಅರ್ಧಚಂದ್ರದ ಕಿವಿ. ಒಟ್ಟು ಏಳು. ಏಳೂ ಮಂಗಳವಾರ.

ಯಾರೋ ಮಂಗಳವಾರ ಬರುತ್ತಿದ್ದರು. ಕೆಂಚೇಶನಿಗೆ ಗೊತ್ತಿಲ್ಲದೆ, ಊರಿಗೂ ಗೊತ್ತಿಲ್ಲದೆ.

ತಟ್ಟನೆ ಇನ್ನೊಂದು ನೆನಪಾಯಿತು. ಮೇಷ್ಟ್ರ ಅಡುಗೆಮನೆಯಲ್ಲಿ ಎರಡು ತಟ್ಟೆ ತೊಳೆದು ಬೋರಲು ಹಾಕಿದ್ದವು. ಮನೆ ಒಡತಿ ನಿರ್ಮಲಮ್ಮ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ, ಆಕೆಯ ಮನೆಯಲ್ಲಿ ಎಂಟು ಜನ. ನನಗೆ ಆಗಲೇ ಎಲ್ಲೋ ಚುಚ್ಚಿತ್ತು. ನಾನು ಹನ್ನೆರಡು ವರ್ಷದಿಂದ ಒಂದೇ ತಟ್ಟೆ ತೊಳೆಯುತ್ತಿದ್ದೇನೆ. ಎರಡನೆಯದು ಬೀರುವಿನಲ್ಲಿ ಧೂಳು ಹಿಡಿದಿದೆ.

"ಅಜ್ಜಾ, ಈ ಅರ್ಧಚಂದ್ರ ಯಾರ ಗುರುತು?"

ಅಜ್ಜ ಚೂರನ್ನು ಕೈಗೆ ತೆಗೆದುಕೊಂಡ. ಬಿಸಿಲಿಗೆ ಹಿಡಿದು ನೋಡಿದ. ಅವನ ಮುಖದ ನಗು ಹೋಯಿತು.

"ಎಲ್ಲಿ ಸಿಕ್ತು ಇದು?"

"ಮೇಷ್ಟ್ರ ಮನೇಲಿ. ಅವರು ಸತ್ತ ದಿನದ ಡಬ್ಬೀಲಿ."

ಚೂರನ್ನು ವಾಪಸ್ ನನ್ನ ಕೈಗೆ ಹಾಕಿ ಎದ್ದ. "ನನಗೆ ವಯಸ್ಸಾತು. ಕಣ್ಣು ಕಾಣಲ್ಲ."

"ಈಗ ತಾನೇ ಕಂಡಿತ್ತಲ್ಲ?"

"ಕೆಂಚೇಶನ್ನೇ ಕೇಳ್ರಿ ಅಮ್ಮಾರೇ. ನನ್ನ ಬಾಯಾಗೆ ಹೇಳಿಸ್ಬೇಡ್ರಿ."

"ಅವನು ಜೈಲಿಗೆ ಹೋಗ್ತಾನೆ ಅಜ್ಜಾ! ಇವತ್ತೇ!"

ಅಜ್ಜ ಕೋಲು ಎತ್ತಿಕೊಂಡ. ಕುರಿಗಳನ್ನು ಹೊಡೆದುಕೊಂಡು ಹೊರಟ. ಅವನ ಮಂದೆಯ ಹಿಂದೆ ಕೆಂಚೇಶನ ಮಂದೆಯೂ ಇತ್ತು. ಒಡೆಯ ಒಳಗಿರುವಾಗ ಅಜ್ಜನೇ ಎರಡನ್ನೂ ಮೇಯಿಸುತ್ತಿದ್ದ. ನಾನು ಹುಚ್ಚಿಯಂತೆ ಕುರಿಗಳ ನಡುವೆ ನುಗ್ಗಿ ಒಂದೊಂದರ ಕಿವಿ ಹಿಡಿದು ನೋಡುತ್ತ ಹೋದೆ. ಸೀಳು, ಸೀಳು, ಸೀಳು. ಆಮೇಲೆ ಒಂದು ಅರ್ಧಚಂದ್ರ. ಇನ್ನೊಂದು. ಗುಂಪಿನ ಕೊನೆಯಲ್ಲಿ ಅವು ಒತ್ತೊತ್ತಾಗಿ ಮೇಯುತ್ತಿದ್ದವು. ಒಟ್ಟು ಹನ್ನೊಂದು.

ಕೆಂಚೇಶನ ಮಂದೆಯಲ್ಲೇ ಹನ್ನೊಂದು ಕುರಿ ಬೇರೆ ಯಾರವೋ ಇದ್ದವು.

* * *

ಮೂರು ಗಂಟೆ ಹತ್ತು ನಿಮಿಷಕ್ಕೆ ಠಾಣೆಯ ಗೇಟಿನಲ್ಲಿ ಇಳಿದೆ. ಜೀಪು ಆಗಲೇ ಅಂಗಳದಲ್ಲಿ ತಿರುಗಿ ನಿಂತಿತ್ತು.

ಹೊಂಗೆ ಮರದಡಿಯ ಸಿಮೆಂಟ್ ಬೆಂಚಿನ ಮೇಲೆ ಗಾದ್ರಮ್ಮ ಕೂತಿದ್ದಳು, ಕೆಂಚೇಶನ ಅಕ್ಕ. ನಿನ್ನೆ ಜೀಪಿನ ಹಿಂದೆಯೇ ಬಸ್ಸು ಹಿಡಿದು ಬಂದವಳು. ನಲವತ್ತರ ಮೇಲಿನ ಹೆಂಗಸು, ಬರಿಗಾಲು, ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡು, ತೊಡೆಯ ಮೇಲೆ ಬಟ್ಟೆಯ ಗಂಟು ಇಟ್ಟುಕೊಂಡು ಕೂತಿದ್ದಳು. "ವಿಚಾರಣೆ ಐತಮ್ಮ, ಕೂತ್ಕೋ" ಎಂದು ನಿನ್ನೆ ಸೆಂಟ್ರಿ ಹೇಳಿದ ಮೇಲೆ ಅಲ್ಲಿಂದ ಎದ್ದಿರಲಿಲ್ಲ. ನಾನು ನಿನ್ನೆಯೂ ಅವಳ ಮುಂದೆ ಎರಡು ಸಲ ಓಡಾಡಿದ್ದೆ. ಈಗಲೂ ಓಡಿದೆ. ಮಾತಾಡಿಸಲು ಪುರುಸೊತ್ತೆಲ್ಲಿತ್ತು?

ಸಾಹೇಬರು ರಿಮ್ಯಾಂಡ್ ಕಾಗದಗಳಿಗೆ ಸಹಿ ಹಾಕುತ್ತಿದ್ದರು. "ಎಲ್ಲಿ ಹೋಗಿದ್ರಿ ಮೇಡಂ? ರಜಾ ಹಾಕಿ ಪ್ರವಾಸಾನಾ?"

"ಹತ್ತು ನಿಮಿಷ ಕೊಡಿ ಸಾರ್. ಕೆಂಚೇಶನ ಹತ್ರ ಒಂದು ಮಾತಿದೆ."

"ಐದು. ಮೂರೂವರೆಗೆ ಹೊರಡಬೇಕು."

ಮೊದಲು ಸಾಹೇಬರಿಗೆ ಹೇಳಬೇಕಿತ್ತು. ಚೂರನ್ನು ಕವರಿನಲ್ಲಿ ಹಾಕಿ ಸೀಲ್ ಮಾಡಿಸಬೇಕಿತ್ತು. ಪಂಚನಾಮೆಯಲ್ಲಿ ಬಿಟ್ಟುಹೋದದ್ದಕ್ಕೆ ಉತ್ತರ ಕೊಡಬೇಕಲ್ಲ ಎಂಬ ಅಂಜಿಕೆ ಒಂದು ಕಡೆ. ಇನ್ನೊಂದು ಕಡೆ, ನಾನೇ ಹಾಕಿಸಿದವನನ್ನು ನಾನೇ ಬಿಡಿಸುತ್ತೇನೆ, ಆಮೇಲೆ ಎಲ್ಲರಿಗೂ ಹೇಳುತ್ತೇನೆ ಎಂಬ ಹಮ್ಮು. ಇನ್ನೊಂದು ಚಪ್ಪಾಳೆಯ ಆಸೆ ಇತ್ತೋ ಏನೋ.

ಕೆಂಚೇಶ್ ಗೋಡೆಗೊರಗಿ ಕುಕ್ಕರುಗಾಲಿನಲ್ಲಿ ಕೂತಿದ್ದ. ಮುಂದೆ ನಿನ್ನೆಯ ಅನ್ನ ಹಾಗೇ ಒಣಗಿತ್ತು.

"ಕೈ ತೋರ್ಸು."

"ಯಾಕ್ರೀ?"

"ತೋರ್ಸು ಅಂದೆ."

ಕಂಬಿಗಳ ನಡುವೆ ಎರಡೂ ಕೈ ಚಾಚಿದ. ಒರಟು ಕೈ, ಮುಳ್ಳು ಗೀರಿದ ಕೈ. ಸುಟ್ಟ ಕಲೆ ಒಂದೂ ಇಲ್ಲ.

"ನಾನು ನಿನ್ನ ಲೋಟ ನೋಡಿ ಬಂದೆ ಕಣಪ್ಪ. ಉಚ್ಚಂಗೆಪ್ಪಜ್ಜ ಎಲ್ಲ ಹೇಳಿದ. ನಿನ್ನ ಗುರುತು ತುದಿ ಸೀಳು, ಹೌದಾ?"

ಅವನ ಕಣ್ಣು ಮೊದಲ ಸಲ ಬೆಳಗಿತು. "ಹೂಂ ಅಮ್ಮಾರೇ. ಕುರಿ ಹೆಂಗವೆ? ನೀರು ಕುಡಿಸ್ಯಾನಾ ಅಜ್ಜ?"

"ಚೆನ್ನಾಗವೆ. ಕೇಳಿಲ್ಲಿ. ಮಂಗಳವಾರ ಮೇಷ್ಟ್ರ ಮನೆಗೆ ಬಂದ ಹುಳದ ಜೊತೆ ಇದ್ದ ಕಾರ್ಡು ನಿಂದಲ್ಲ. ಗುರುತು ಬೇರೆ ಐತೆ. ನೀನು ಬಂದಿಲ್ಲ ಅನ್ನಾಕೆ ಅದೊಂದೇ ದಾರಿ. ಆ ಗುರುತಿನ ಹನ್ನೊಂದು ಕುರಿ ನಿನ್ನ ಮಂದೇಲಿ ಅವೆ. ಯಾರವು ಹೇಳು. ಇವತ್ತೇ ಮನೆಗೆ ಹೋಗ್ತೀಯ."

ಅವನ ಮುಖದಲ್ಲಿ ಬಂದಿದ್ದ ಬೆಳಕು ಹಾಗೇ ನಿಂತಿತು. ಏನೂ ಅಲುಗಲಿಲ್ಲ.

"ಹನ್ನೊಂದು?" ಎಂದ.

"ಹನ್ನೊಂದು."

"ಕಾರ್ಡು ತೋರ್ಸ್ರಿ. ಕಣ್ಣಾರೆ ನೋಡಿ ಹೇಳ್ತೀನಿ."

ಡೈರಿಯಿಂದ ಚೂರು ತೆಗೆದು ಅವನ ಅಂಗೈಯಲ್ಲಿಟ್ಟೆ.

ತುಂಬ ಹೊತ್ತು ನೋಡಿದ. ಹೆಬ್ಬೆರಳಿನಿಂದ ಅರ್ಧಚಂದ್ರದ ಅಂಚನ್ನು ಒಂದು ಸಲ ಸವರಿದ. ಒಂದು ಮಗುವಿನ ಕೆನ್ನೆ ಮುಟ್ಟುವಂತೆ ಮುಟ್ಟಿದ.

"ಮಂಗಳವಾರದ ಡಬ್ಬೀಲೇ ಇತ್ತಾ?"

"ಹೌದು."

"ಮೇಷ್ಟ್ರು ಸತ್ತ ದಿನ."

"ಹೌದಪ್ಪ. ಯಾರ ಗುರುತು?"

"ಇದನ್ನ ಸಾಹೇಬ್ರು ನೋಡ್ಯಾರಾ?"

"ಇಲ್ಲ. ಮೊದ್ಲು ನಿನ್ಗೇ ತೋರಿಸ್ದೆ. ನಿನ್ಮೇಲೆ ನಂಬಿಕೆ ಐತೆ ನನಗೆ."

"ಕಾಗದದಾಗೆ ಬರೆದೀರಾ?"

"ಇನ್ನೂ ಇಲ್ಲ."

"ಒಳ್ಳೇದಾತು" ಎಂದ ಕೆಂಚೇಶ್. ತಲೆ ಎತ್ತಿ ನನ್ನನ್ನು ನೋಡಿದ. ಅವನ ಕಣ್ಣಲ್ಲಿ ನೀರಿತ್ತು. "ನೀವು ಒಳ್ಳೇರು ಅಮ್ಮಾರೇ. ತಪ್ಪು ತಿಳೀಬೇಡ್ರಿ."

ಚೂರನ್ನು ಬಾಯಿಗೆ ಹಾಕಿಕೊಂಡ.

"ಏಯ್! ಉಗುಳು! ಉಗುಳೋ!"

ಕಂಬಿಯೊಳಗೆ ಕೈ ಹಾಕಿ ಅವನ ದವಡೆ ಹಿಡಿಯಲು ಹೋದೆ. ಅವನು ಹಿಂದಕ್ಕೆ ಸರಿದು ಗೋಡೆಗೊರಗಿ, ಹಲ್ಲು ಕಚ್ಚಿ ಜಗಿದ. ನಿನ್ನೆಯಿಂದ ಒಂದು ತುತ್ತು ಅನ್ನ ಮುಟ್ಟದವನು ರಟ್ಟಿನ ಚೂರನ್ನು ಎರಡು ಸಲ ಗುಟುಕರಿಸಿ ನುಂಗಿದ. ನನ್ನ ಕೂಗಿಗೆ ಸಾಹೇಬರು ಓಡಿ ಬಂದರು.

"ಏನಾಯ್ತು?"

ನಾನು ಬಾಯಿ ತೆರೆಯುವ ಮೊದಲು ಕೆಂಚೇಶ್ ಎದ್ದು ಕೈ ಕಟ್ಟಿ ನಿಂತ.

"ನಾನೇ ಕೊಂದೆ ಸಾಹೇಬ್ರೇ. ಮಾತಿಗೆ ಮಾತು ಬಂತು, ತಳ್ಳಿದೆ. ಕಲ್ಲಿಗೆ ಬಡಿದ್ರು. ಬರಕಳ್ರಿ."

"ಸುಳ್ಳು ಸಾರ್! ಇವನು ಬಂದೇ ಇಲ್ಲ!"

"ಮೇಡಂ, ಇವನನ್ನ ಒಳಗೆ ಹಾಕಿಸಿದ್ದು ನೀವೇ ಅಲ್ವಾ?"

"ಹೌದು. ತಪ್ಪು ಮಾಡಿದೆ. ಡಬ್ಬೀಲಿ ಒಂದು ಕಾರ್ಡಿತ್ತು ಸಾರ್, ಕಿವಿ ಗುರುತು ಇತ್ತು..."

"ಎಲ್ಲಿದೆ?"

ನಾನು ಕೆಂಚೇಶನ ಹೊಟ್ಟೆ ನೋಡಿದೆ.

"ಪಂಚನಾಮೆಯಲ್ಲಿದೆಯಾ?"

"ಇಲ್ಲ."

"ನೋಟ್‌ಬುಕ್ಕಲ್ಲಿ ಚಿತ್ರ ಇದೆ ಸಾರ್, ವೀಳ್ಯದೆಲೆ ಅಂದ್ಕೊಂಡಿದ್ವಲ್ಲ, ಅವು ಕುರಿ ಕಿವಿ!" ಎಂದು ಮತ್ತೆ ನಾನೇ ಸೇರಿಸಿದೆ.

ಸಾಹೇಬರು ನನ್ನನ್ನು ನೋಡಿದ ನೋಟದಲ್ಲಿ ಸಿಟ್ಟಿರಲಿಲ್ಲ, ಅಯ್ಯೋ ಪಾಪ ಎನ್ನುವ ಭಾವ ಇತ್ತು. ನಾನು ಜನ್ಮದಲ್ಲಿ ಸಹಿಸದಿರುವುದು ಅದೊಂದೇ. "ರಾತ್ರಿ ನಿದ್ದೆ ಮಾಡಿಲ್ಲ ಅನ್ಸುತ್ತೆ ನೀವು. ಮನೆಗೆ ಹೋಗಿ ರೆಸ್ಟ್ ಮಾಡಿ" ಎಂದು ಮೆತ್ತಗೆ ಹೇಳಿ ರೈಟರ್‌ನನ್ನು ಕರೆದರು. ಕೆಂಚೇಶ್ ಅವರು ಕೇಳುವ ಮೊದಲೇ ಒಂದೊಂದಾಗಿ ಹೇಳುತ್ತಿದ್ದ. ಎಷ್ಟು ಗಂಟೆಗೆ ಬಂದೆ, ಯಾವ ಬಸ್ಸು, ಯಾವ ಬಾಗಿಲು. ಎಲ್ಲವೂ ತಪ್ಪು. ಹಿತ್ತಿಲ ಕಲ್ಲು ಎಡಕ್ಕಿದೆ, ಅವನು ಬಲಕ್ಕೆ ಎಂದ. ರೈಟರ್ ಬರೆದುಕೊಳ್ಳುತ್ತಲೇ ಇದ್ದ.

ನಾನು ಹೊರಗೆ ಬಂದೆ. ಹೊಂಗೆ ಮರದಡಿ ಬಿಟ್ಟರೆ ಕೂರಲು ಬೇರೆ ಜಾಗವಿರಲಿಲ್ಲ. ಗಾದ್ರಮ್ಮ ಸರಿದು ಜಾಗ ಕೊಟ್ಟಳು.

"ಉಂಡನೇನವ್ವಾ?" ಎಂದಳು. "ನಿನ್ನೆಯಿಂದ ಏನೂ ಮುಟ್ಟಿಲ್ಲ ಅಂತಿದ್ರು."

ನಾನು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡೆ.

"ರೊಟ್ಟಿ ತಂದೀನಿ. ಖಡಕ್ ರೊಟ್ಟಿ, ಕೆಟ್ಟಿಲ್ಲ. ನೀವಾದ್ರೂ ಕೊಡ್ತೀರಾ? ನಿನ್ನೆಯಿಂದ ಯಾರೂ ನನ್ನ ಮಾತಾಡಿಸ್ಲಿಲ್ಲ. ಯಾರ್ನ ಕೇಳ್ಬೇಕೋ ಗೊತ್ತಾಗ್ಲಿಲ್ಲ."

"ಕೊಡು" ಎಂದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಗಂಟು ಬಿಚ್ಚಲು ಅವಳು ಸೆರಗಿನೊಳಗಿಂದ ಕೈ ತೆಗೆದಳು. ಬಲಗೈಯ ಮೂರು ಬೆರಳು ಉಗುರಿನಿಂದ ಗೆಣ್ಣಿನವರೆಗೆ ಸುಟ್ಟು ಕಂದಾಗಿದ್ದವು. ಚರ್ಮ ಈಗಷ್ಟೇ ಸುಲಿಯುತ್ತಿತ್ತು.

"ಏನಾತು ಕೈಗೆ?"

"ಹುಳ ಹಾರಿಸ್ತು. ತಮ್ಮ ಕಡ್ಡೀಲಿ ಹಿಡೀತಾನೆ, ನನಗೆ ಹಂಗೆ ಬರಲ್ಲ" ಎಂದು ನಾಚಿಕೊಂಡಳು. ಮುಚ್ಚಿಡುವ ಗೋಜಿಗೇ ಹೋಗಲಿಲ್ಲ. "ಜಗಳೂರಿಗೆ ಹೋಗಿದ್ರಂತೆ, ಸೆಂಟ್ರಿ ಯಾರಿಗೋ ಹೇಳ್ತಿದ್ದದ್ದು ಕೇಳಿಸ್ತು. ನನ್ನ ಕುರಿ ನೋಡಿದ್ರಾ? ಹನ್ನೊಂದವೆ. ಮದುವೇಲಿ ಅಪ್ಪ ಕೊಟ್ಟಿದ್ದು, ನನಗೇ ಅಂತ ಬೇರೆ ಗುರುತು ಹಾಕಿ. ಗಂಡ ಹೋದ ಮ್ಯಾಲೆ ವಾಪಸ್ ಹೊಡ್ಕಂಡು ಬಂದೆ."

ಮಂಗಳವಾರ ಮೇಷ್ಟ್ರ ಮನೆಗೆ ಬಂದಿದ್ದವಳು ನನ್ನ ಪಕ್ಕದಲ್ಲೇ ಕೂತಿದ್ದಳು. ಒಳಗೆ ಅವಳ ತಮ್ಮ ಅವಳಿಗಾಗಿ ಕೊಲೆ ಒಪ್ಪಿಕೊಳ್ಳುತ್ತಿದ್ದ. ಅವಳ ಕೈ ಹಿಡಿದು ಒಳಗೆ ಎಳೆದುಕೊಂಡು ಹೋಗಬೇಕು ಎಂದು ಎದ್ದೆ.

ಅಷ್ಟರಲ್ಲಿ ಅವಳು ಗಂಟು ಬಿಚ್ಚಿದಳು. ಒಳಗೆ ಎರಡು ಸಣ್ಣ ಗಂಟುಗಳಿದ್ದವು. ಒಂದನ್ನು ನನ್ನ ಬಲಗೈಯಲ್ಲಿ, ಇನ್ನೊಂದನ್ನು ಎಡಗೈಯಲ್ಲಿ ಇಟ್ಟಳು.

"ಇದು ತಮ್ಮಂಗೆ. ಇದು ಮೇಷ್ಟ್ರಿಗೆ."

"ಯಾರಿಗೆ?"

"ಗುರುಸ್ವಾಮಿ ಮೇಷ್ಟ್ರಿಗೆ. ಮಂಗಳವಾರ ಊಟಕ್ಕೆ ಕೂತಾಗ ಶೇಂಗಾ ಚಟ್ನಿಪುಡಿ ಖಾಲಿಯಾತು ಅಂದಿದ್ರು. ಕುಟ್ಟಿ ತಂದೀನಿ." ಅವಳು ಲಾಕಪ್ಪಿನ ಕಿಟಕಿಯ ಕಡೆ ನೋಡಿದಳು. "ಅವ್ರಿಗೆ ಒಂದು ಹೇಳಿ ಕಳಿಸ್ರವ್ವಾ. ಅವ್ರು ಬಂದು ಒಂದು ಮಾತು ಹೇಳಿದ್ರೆ ಸಾಕು, ನನ್ನ ತಮ್ಮ ಎಂಥವ್ನು ಅಂತ ನಿಮ್ಗೆ ಗೊತ್ತಾಗ್ತೈತೆ. ಇಲ್ಲೇ ಎರಡು ಬೀದಿ ಆಚೆ ಇದ್ದಾರೆ, ನನ್ನ ಇಲ್ಲೇ ಕೂತ್ಕೋ ಅಂದ್ರಲ್ಲ, ನಾನೆಂಗೆ ಹೋಗ್ಲಿ. ನಿನ್ನೆಯಿಂದ ಯಾಕೆ ಬರ್ಲಿಲ್ಲೋ."

ಜೀಪು ಸ್ಟಾರ್ಟ್ ಆಯಿತು. ಕೈಗೆ ಬೇಡಿ ಹಾಕಿಸಿಕೊಂಡ ಕೆಂಚೇಶ್ ಮೆಟ್ಟಿಲಿಳಿದು ಬಂದ. ಅಕ್ಕನ ಕಡೆ ತಿರುಗಿಯೂ ನೋಡದೆ ಹಿಂದಿನ ಸೀಟು ಹತ್ತಿದ.

"ಅವ್ರು ಒಬ್ರೇ ಇರ್ತಾರೆ" ಎಂದಳು ಗಾದ್ರಮ್ಮ, ನನ್ನ ಎಡಗೈಯ ಗಂಟನ್ನು ಮತ್ತೊಮ್ಮೆ ಬಿಗಿ ಮಾಡುತ್ತ. "ಮರೀದೆ ಮುಟ್ಟಿಸ್ರಿ."